ಹೊಳೆಯಾಚೆಯ ಕಬ್ಬಿನ ಹಾಲು

"ಉಣ್ಣುತ್ತಿರುವ ಎಲೆ ಬಿಟ್ಟು ಏಳಬೇಡ ಮಗಾ ಎಂದು ನನ್ನ ತಾಯಿ ದಿನವೂ ಹೇಳುತ್ತಿದ್ದಳು. ಆ ಮಾತು ಊಟಕ್ಕೆ ಮಾತ್ರ ಸಲ್ಲುವುದೋ, ಬದುಕಿಗೂ ಸಲ್ಲುವುದೋ, ಗುರುಗಳೇ?"

ಕೇಳಿದವನು ಮರಿದೇವ. ಮಠದ ಓಲೆಗರಿಗಳನ್ನು ನೋಡಿ ಪ್ರತಿ ಮಾಡುವ ಕೆಲಸ ಅವನದು. ಎಂಟು ವರ್ಷಗಳಿಂದ ಅದನ್ನೇ ಮಾಡುತ್ತಿದ್ದ. ಅದಕ್ಕಾಗಿ ಅವನಿಗೆ ಎರಡು ಹೊತ್ತಿನ ಊಟವಿತ್ತು, ವರ್ಷಕ್ಕೆರಡು ಜೊತೆ ಬಟ್ಟೆಯಿತ್ತು, ಬದುಕಿರುವವರೆಗೆ ಒಂದು ಕೋಣೆಯಿತ್ತು. ಮಧ್ಯಾಹ್ನದ ಪಾಠ ಆಗಷ್ಟೇ ಮುಗಿದಿತ್ತು. ಶಿಷ್ಯರೆಲ್ಲ ಇನ್ನೂ ಜಗುಲಿಯ ಮೇಲೆಯೇ ಕುಳಿತಿದ್ದರು.

"ಏಕೆ, ನಿನಗೆ ಬೇರೆ ಯಾರಾದರೂ ಎಲೆ ಹಾಕಿದ್ದಾರೆಯೆ?" ಎಂದು ಗುರುಗಳು ಕೇಳಿದರು.

ಶಿಷ್ಯರು ನಕ್ಕರು. ಮರಿದೇವನೂ ನಕ್ಕ. ಆದರೆ ಅವನ ಧ್ವನಿಯಲ್ಲಿ ಆತುರವಿತ್ತು.

"ಹೌದು ಗುರುಗಳೇ. ಬಂದರಿನ ಊರಿನಲ್ಲಿ ನನ್ನ ಗೆಳೆಯರಿಬ್ಬರು ಅಚ್ಚುಕೂಟ ತೆರೆದಿದ್ದಾರೆ. ನಾನು ಒಂದು ಕಾವ್ಯವನ್ನು ವರ್ಷವಿಡೀ ಕುಳಿತು ಪ್ರತಿ ಮಾಡಿದರೆ ಅದು ಒಬ್ಬನ ಕೈ ಸೇರುತ್ತದೆ. ಅಲ್ಲಿ ಒಂದು ತಿಂಗಳಿಗೆ ಐನೂರು ಮಂದಿಯ ಕೈ ಸೇರುತ್ತದೆ! ಅದನ್ನು ನೆನೆದರೆ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. ಕಾವ್ಯದ ಪಾಠ ನೋಡಿ ತಿದ್ದುವವನು ಅವರಿಗೆ ಬೇಕು. ನನ್ನನ್ನು ಕರೆಯುತ್ತಿದ್ದಾರೆ. ಪುಸ್ತಕ ಮಾರಾಟವಾದರೆ ಪಾಲು ಕೊಡುತ್ತಾರೆ, ಆಗದಿದ್ದರೆ ಏನೂ ಇಲ್ಲ. ಇಲ್ಲಿ ಒಮ್ಮೆ ಕೋಣೆ ಬಿಟ್ಟವನಿಗೆ ಅದು ಮತ್ತೆ ಸಿಗುವುದಿಲ್ಲ ಎಂಬುದು ಮಠದ ಕಟ್ಟಳೆ. ಅದಕ್ಕೇ ಒಂದು ಹಾಳೆ ಅಚ್ಚು ಹಾಕಿ ಕಳುಹಿಸಿ, ನೋಡೋಣ ಎಂದು ಬರೆದೆ."

"ಬಂತೆ?"

"ಎರಡು ಸಲ ಬಂತು. ಎರಡು ಸಲವೂ ಮಸಿ ಕಲಸಿಕೊಂಡಿತ್ತು. ಅಕ್ಷರಗಳು ತಿಳಿಯುತ್ತಿರಲಿಲ್ಲ. ಇನ್ನೊಂದು ಕಳುಹಿಸಿ ಎಂದು ಬರೆದಿದ್ದೇನೆ. ಅದನ್ನು ನೋಡಿದ ಮೇಲೆ ನಿರ್ಧರಿಸಬೇಕು."

"ಈ ಮಳೆಗಾಲದಲ್ಲಿ ಅಲ್ಲಿಂದ ಇಲ್ಲಿಗೆ ಎಂಟು ದಿನದ ದಾರಿ" ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಧಣಿಯ ಆಲೆಮನೆಯಿತ್ತು. ಅಲ್ಲಿ ಕಬ್ಬು ಅರೆಯಲು ಹತ್ತು ಮಂದಿಯಿದ್ದರು. ಪಾಕ ನೋಡುವವನು ಒಬ್ಬನೇ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲಕ್ಕೆ ಬರುವ ಗಳಿಗೆಯನ್ನು ಗುರುತಿಸುವುದು ಅವನ ಕೆಲಸ. ಅವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಡುತ್ತಿದ್ದ. ನೀರಿನೊಳಗೆ ಕೈಯಿಟ್ಟು ಅದನ್ನು ಬೆರಳ ತುದಿಯಲ್ಲಿ ಉಂಡೆ ಮಾಡುತ್ತಿದ್ದ. ಆಮೇಲೆ 'ಇಳಿಸಿ' ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಧಣಿ ಅವನಿಗೆ ಇರಲು ಮನೆಯನ್ನೂ ವರ್ಷಕ್ಕಾಗುವಷ್ಟು ರಾಗಿಯನ್ನೂ ಕೊಟ್ಟಿದ್ದ. ಇಪ್ಪತ್ತು ವರ್ಷಗಳಲ್ಲಿ ಅವನ ಕೈಯಲ್ಲಿ ಒಂದು ಕೊಪ್ಪರಿಗೆಯೂ ಕೆಟ್ಟಿರಲಿಲ್ಲ.

ಹೊಳೆಯ ಆಚೆಗೆ ಬೀಳುಬಿದ್ದ ನೆಲವಿತ್ತು. ಕೆಲವು ಮನೆಯವರು ಅದನ್ನು ಹಸನು ಮಾಡಿ ಮೊದಲ ಸಲ ಕಬ್ಬು ನೆಟ್ಟಿದ್ದರು. ಅವರಲ್ಲೊಬ್ಬ ಹೆಂಗಸು ಪಾಕದವನನ್ನು ಹುಡುಕಿಕೊಂಡು ಬಂದಳು.

"ಅಣ್ಣಾ, ನಮ್ಮಲ್ಲಿ ಕಬ್ಬಿದೆ, ಗಾಣವಿದೆ, ಒಲೆಯನ್ನೂ ಕಟ್ಟಿದ್ದೇವೆ. ಹದ ಬಲ್ಲವರು ಮಾತ್ರ ಯಾರೂ ಇಲ್ಲ. ನೀನು ಬಾ. ರಾಗಿ ಅಳೆದು ಕೊಡುವ ಶಕ್ತಿ ನಮಗಿಲ್ಲ. ಇಳಿಸಿದ ಬೆಲ್ಲದಲ್ಲಿ ನಾಲ್ಕರಲ್ಲಿ ಒಂದು ಪಾಲು ನಿನ್ನದು."

"ಬೆಲ್ಲ ಕಟ್ಟದಿದ್ದರೆ?"

"ಕಟ್ಟದಿದ್ದರೆ ನೋಡಿದವರು ನಗುತ್ತಾರಲ್ಲ, ಅದರಲ್ಲಿಯೂ ನಿನಗೆ ನಾಲ್ಕರಲ್ಲಿ ಒಂದೇ ಪಾಲು. ಮೂರು ಪಾಲು ನಮಗಿರಲಿ."

ಪಾಕದವನು ನಕ್ಕುಬಿಟ್ಟ. ಅವಳು ಹೋದ ಮೇಲೆ ಅವನ ಮನಸ್ಸು ಒಲೆಯ ಮುಂದೆ ನಿಲ್ಲಲಿಲ್ಲ. ಇಪ್ಪತ್ತು ವರ್ಷ ಅವನು ಒಂದೇ ಹೊಲದ ಕಬ್ಬನ್ನು ಕುದಿಸಿದ್ದ. ಹೊಸ ಮಣ್ಣಿನ ಹಾಲು ಯಾವ ಬಣ್ಣಕ್ಕೆ ತಿರುಗೀತು, ಯಾವ ಹೊತ್ತಿಗೆ ಉಕ್ಕೀತು, ಅದರ ಪಾಕ ಬೆರಳಿಗೆ ಹೇಗೆ ತಾಗೀತು? ಅದನ್ನೇ ಎಣಿಸುತ್ತ ಹರೆಯದವನಂತೆ ಓಡಾಡಿದ. ಆದರೆ ಕೆಲಸ ಬಿಟ್ಟವನನ್ನು ಧಣಿ ಮತ್ತೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಹಾಗಾಗಿ ಅವಳು ಮತ್ತೆ ಬಂದಾಗ ಅವನು ಹೀಗೆಂದ:

"ಮೊದಲು ಒಂದು ಕೊಡ ಹಾಲು ತಂದುಕೊಡು. ನಮ್ಮ ಒಲೆಯ ಮೇಲೆ ಕುದಿಸಿ ನೋಡುತ್ತೇನೆ."

ಅವಳು ಬೆಳಗ್ಗೆ ಕೊಡ ಹೊತ್ತು ಹೊರಟಳು. ಹೊಳೆ ದಾಟಿ, ದಿಬ್ಬ ಹತ್ತಿ, ಬಿಸಿಲು ಇಳಿಯುವ ಹೊತ್ತಿಗೆ ಆಲೆಮನೆ ಸೇರಿದಳು. ಅವನು ಕುದಿಸಿದ. ಪಾಕ ಅಂಟಿನಂತೆ ಎಳೆಯಾಯಿತು, ಉಂಡೆಯಾಗಲಿಲ್ಲ. ಇನ್ನೊಂದು ಕೊಡ ತಾ ಎಂದ. ಅವಳು ತಂದಳು. ಅದೂ ಕಟ್ಟಲಿಲ್ಲ. ಅಷ್ಟರಲ್ಲಿ ಹೊಳೆಯಾಚೆಯ ಕಬ್ಬು ಬಿಳಿಯ ಹೂ ಬಿಡತೊಡಗಿತು. ಹೂ ಬಿಟ್ಟ ಕಬ್ಬಿನಲ್ಲಿ ಸಿಹಿ ದಿನದಿನಕ್ಕೆ ಇಳಿಯುತ್ತದೆ. ಅವಳು ಅದನ್ನು ಹೇಳಿದಳು. ಅವನು ಮತ್ತೊಂದು ಕೊಡ ಕೇಳಿದ.

ಮೂರನೆಯ ಕೊಡದ ಹಾಲನ್ನು ಅವನು ಒಲೆಗೆ ಇಡುವ ಮೊದಲೇ ನಾಲಗೆಗೆ ಹಚ್ಚಿಕೊಂಡ. ಮುಖ ಕಿವಿಚಿದ. ಎಲ್ಲರೂ ಕೇಳುವಂತೆ ಹೇಳಿದ:

"ನಿಮ್ಮ ಕಬ್ಬೇ ಹುಳಿ ತಾಯಿ. ಆ ಮಣ್ಣಿನಲ್ಲಿ ಬೆಲ್ಲವಿಲ್ಲ."

ಗಾಣದವರಲ್ಲಿ ಹಿರಿಯನೊಬ್ಬ ಕೂಗಿದ: "ಬೆಲ್ಲ ಬೇಡ ಬಿಡಕ್ಕಾ, ಸಾರಿಗೆ ಹುಣಿಸೆಯ ಬದಲು ಹಾಕಿಕೊಳ್ಳಿ!"

ಉಳಿದವರು ನಕ್ಕರು. ಹೆಂಗಸು ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ಹಾಲನ್ನು ಚೆಲ್ಲಿ ಕೊಡವನ್ನು ತೊಳೆದಳು.

"ನಾಳೆ ಬೆಳಗ್ಗೆ ನಿಮ್ಮ ಗಾಣದ ಹಾಲು ಒಂದು ಕೊಡ ತುಂಬಿ ಕೊಡಣ್ಣಾ. ನೀನೇ ತುಂಬು. ನೀನೇ ಬಾಯಿ ಕಟ್ಟು" ಎಂದಳು.

ಅವನು ಮರುದಿನ ಹಾಗೆಯೇ ಮಾಡಿದ. ಧಣಿಯ ಕಬ್ಬಿನ ಹಾಲನ್ನು ತುಂಬಿ, ಕೊಡದ ಬಾಯಿಗೆ ಬಟ್ಟೆ ಬಿಗಿದು, ತನ್ನ ಕೈಯಾರೆ ಗಂಟು ಹಾಕಿದ. ಅವಳು ಅದನ್ನು ಹೊತ್ತು ಹೊಳೆಯವರೆಗೆ ನಡೆದಳು. ನೀರಿಗೆ ಕಾಲಿಡದೆ ಅಲ್ಲಿಂದಲೇ ಹಿಂತಿರುಗಿದಳು. ಬಿಸಿಲು ಇಳಿಯುವ ಹೊತ್ತಿಗೆ ಕೊಡವನ್ನು ಅವನ ಮುಂದೆ ಇಳಿಸಿದಳು. ಗಾಣ ನಿಂತಿತು. ಎಲ್ಲರೂ ಸುತ್ತ ಸೇರಿದರು. ಅವನು ತಾನು ಹಾಕಿದ ಗಂಟನ್ನು ತಾನೇ ಬಿಚ್ಚಿದ. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡ.

ಹುಳಿಯಾಗಿತ್ತು.

ಆ ಆಲೆಮನೆಯಲ್ಲಿ ಗಾಣದಿಂದ ಕೊಪ್ಪರಿಗೆಗೆ ಹತ್ತು ಹೆಜ್ಜೆ. ಇಪ್ಪತ್ತು ವರ್ಷಗಳಲ್ಲಿ ಅವನು ಹತ್ತು ಹೆಜ್ಜೆಗಿಂತ ದೂರ ಹೋದ ಹಾಲನ್ನು ಕುದಿಸಿರಲಿಲ್ಲ.

"ಹುಳಿ ಕಬ್ಬಿನದಲ್ಲಣ್ಣಾ, ದಾರಿಯದು" ಎಂದಳು ಹೆಂಗಸು.

ಪಾಕದವನು ಕೊಡದ ಬಾಯಿಗೆ ಮತ್ತೆ ಬಟ್ಟೆ ಮುಚ್ಚಿದ. ಆಮೇಲೆ ಹೋಗಿ ಒಲೆಯ ಮೇಲಿದ್ದ ಕೊಪ್ಪರಿಗೆಯ ಹದ ನೋಡಿದ. 'ಇಳಿಸಿ' ಎಂದ. ಬೆಲ್ಲ ಅಚ್ಚಿಗೆ ಬಿದ್ದ ಮೇಲೆ ಕೈ ತೊಳೆದು ಧಣಿಯ ಮುಂದೆ ನಿಂತ.

"ಧಣಿ, ಇದು ಇಲ್ಲಿ ನನ್ನ ಕೊನೆಯ ಕೊಪ್ಪರಿಗೆ. ನಾಡಿದ್ದು ನಾನು ಹೊಳೆಯಾಚೆ ಒಲೆ ಹೊತ್ತಿಸುತ್ತೇನೆ."

"ಹೋದವನಿಗೆ ಈ ಮನೆಯಿಲ್ಲ. ನೆನಪಿದೆಯೆ?"

"ನೆನಪಿದೆ ಧಣಿ. ಹುಣಿಸೆಯ ಮಾತಾಡಿದನಲ್ಲ, ಅವನು ಹತ್ತು ವರ್ಷ ನನ್ನ ಹಿಂದೆ ನಿಂತು ಹದ ನೋಡಿದ್ದಾನೆ. ಈ ಒಲೆ ಅವನಿಗಿರಲಿ."

ಹುಣಿಸೆಯ ಮಾತಾಡಿದ ಹಿರಿಯನ ಬಾಯಿ ತೆರೆದೇ ಇತ್ತು. ಪಾಕದವನು ಮನೆಗೆ ಹೋಗಿ ಹೆಂಡತಿಗೆ ಸುದ್ದಿ ಹೇಳಿದ. ಅವಳು ಮೂರು ಕೊಡಗಳು ಬಂದುದನ್ನೂ ಮೂರು ಕೊಡಗಳು ಹೋದುದನ್ನೂ ಕಂಡಿದ್ದಳು. "ಅಂತೂ ಹೊರಟೆಯಲ್ಲ! ಯಾವ ಪಾತ್ರೆ ಕಟ್ಟಲಿ?" ಎಂದು ಮಾತ್ರ ಕೇಳಿದಳು.

ಮೂರನೆಯ ದಿನ ಹೊಳೆಯಾಚೆ ಗಾಣ ತಿರುಗಿತು. ಹಾಲು ಗಾಣದಿಂದ ನೇರವಾಗಿ ಕೊಪ್ಪರಿಗೆಗೆ ಇಳಿಯಿತು. ಊರಿಗೆ ಊರೇ ಒಲೆಯ ಸುತ್ತ ನಿಂತಿತ್ತು. ಹೂ ಬಿಟ್ಟ ಕಬ್ಬು. ಇನ್ನು ನಾಲ್ಕು ದಿನ ತಡವಾಗಿದ್ದರೆ ಅದನ್ನು ದನಗಳಿಗೆ ಹಾಕಬೇಕಿತ್ತು. ಹಾಲು ಉಕ್ಕಿತು. ನೊರೆ ತೆಗೆದರು. ಮತ್ತೆ ಉಕ್ಕಿತು. ಬಣ್ಣ ತಿರುಗಿತು. ಅಂಥ ಬಣ್ಣವನ್ನು ಅವನು ಇಪ್ಪತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಹೆಂಗಸು ಬಟ್ಟಲಲ್ಲಿ ತಣ್ಣೀರು ಹಿಡಿದಳು. ಅವನು ಒಂದು ತೊಟ್ಟು ಪಾಕವನ್ನು ಅದಕ್ಕೆ ಬಿಟ್ಟ. ನೀರಿನೊಳಗೆ ಕೈಯಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಉತ್ತರೀಯವನ್ನು ಸರಿಪಡಿಸಿಕೊಂಡರು.

ಮರಿದೇವ ಎದ್ದು ನಿಂತಿದ್ದ. ಯಾವಾಗ ಎದ್ದನೆಂಬುದು ಅವನಿಗೇ ತಿಳಿದಿರಲಿಲ್ಲ. ಜಗುಲಿಯ ಮೇಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಕೈಮುಗಿದು ಎಲ್ಲರಿಗೂ ಕೇಳುವಂತೆ ಹೇಳಿದ:

"ನಾನು ಮಠದ ಕೆಲಸವನ್ನು ಬಿಡುತ್ತಿದ್ದೇನೆ. ಕೈಯಲ್ಲಿರುವ ಓಲೆಕಟ್ಟನ್ನು ಇಂದೇ ಮುಗಿಸಿ ಒಪ್ಪಿಸುತ್ತೇನೆ. ನಾಳೆ ಬೆಳಗ್ಗೆ ಬಂದರಿನ ಊರಿಗೆ ಹೊರಡುತ್ತೇನೆ. ನನ್ನ ಕೋಣೆಯನ್ನು ಬೇಕಾದವರು ತೆಗೆದುಕೊಳ್ಳಿ."

"ಕಿಟಕಿಯಿರುವ ಕೋಣೆ! ನನಗೇ ಇರಲಿ ಮಾರಾಯ" ಎಂದು ಹಿಂದಿನಿಂದ ಒಬ್ಬ ಕೂಗಿದ. ಜಗುಲಿಗೆ ಜಗುಲಿಯೇ ನಕ್ಕಿತು. ಮರಿದೇವನೂ ಗಟ್ಟಿಯಾಗಿ ನಕ್ಕ. ನಗುತ್ತಲೇ ಮೆಟ್ಟಿಲಿಳಿದ. ಎರಡು ಹೆಜ್ಜೆ ಹೋದವನು ತಡೆಯಲಾರದೆ ಹಿಂತಿರುಗಿ ಬಂದ.

"ಗುರುಗಳೇ, ಒಂದೇ ಒಂದು ಮಾತು. ಕೊನೆಗೆ ಬೆಲ್ಲ ಕಟ್ಟಿತೆ?"

ನಗೆ ನಿಂತಿತು. ಎಲ್ಲರಿಗೂ ಅದೇ ಬೇಕಾಗಿತ್ತು.

ಗುರುಗಳು ಹೇಳಿದರು: "ಅದನ್ನು ಇಲ್ಲಿಯವರೆಗೆ ಹೊತ್ತು ತಂದರೆ ಹುಳಿಯಾಗುತ್ತದೆ, ಮರಿದೇವ."

ಮರಿದೇವ ಓಲೆಕಟ್ಟನ್ನು ಮುಗಿಸಲು ತನ್ನ ಕೋಣೆಗೆ ನಡೆದ.