ಸಾಹೇಬರ ಕೈಗೆ ಬಿಡುವಿಲ್ಲ

ಕಲ್ಲಿನ ಕ್ವಾರಿಯಲ್ಲಿ ಬಂಡೆ ಉರುಳಿ ಫಕೀರಪ್ಪನ ಬೆನ್ನುಮೂಳೆ ಮುರಿದಿತ್ತು. ಕುತ್ತಿಗೆಯಿಂದ ಕೆಳಗೆ ಮೈ ಸ್ವಾಧೀನದಲ್ಲಿರಲಿಲ್ಲ. ಹೆಂಡತಿ ದ್ಯಾಮವ್ವ ಕೂಲಿ ಬಿಟ್ಟು ಅವನ ಆರೈಕೆಗೆ ನಿಂತಳು. ಆರೈಕೆ ಮಾಡುವವರಿಗೆ ಸರ್ಕಾರ ಕೊಡುವ ಭತ್ಯೆ ಕೇಳಿದರೆ, 'ಇವರಿಗೆ ಇನ್ನೊಬ್ಬರ ನೆರವು ಬೇಕಿಲ್ಲ' ಎಂದು ಆದೇಶ ಬಂತು. ಅವಳು ಮೇಲ್ಮನವಿ ಹಾಕಿದಳು.

ವಿಚಾರಣೆಯ ದಿನ ಸೊರಗಿದ ಗಂಡನನ್ನು ಹೊತ್ತು ತಂದಳು. ಮೇಲ್ಮನವಿ ಕೇಳುವ ಸಾಹೇಬರ ಎದುರಿನ ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಹಿಡಿದುಕೊಂಡಳು.

"ನೆರವು ಬೇಕಿಲ್ಲ ಅಂದ್ರೆ ಬೇಕಿಲ್ಲ. ಆದೇಶ ಬದಲಾಗಲ್ಲ," ಎಂದರು ಸಾಹೇಬರು.

"ಹಂಗಾರ ನಾ ಚಾ ಕುಡದು ಬರ್ತೀನ್ರಿ," ಎಂದು ದ್ಯಾಮವ್ವ ಕೈ ಬಿಟ್ಟಳು. ಹೀಗೆ ಮಾಡುವುದೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

ಫಕೀರಪ್ಪ ಪಕ್ಕಕ್ಕೆ ವಾಲಿದ. ಸಾಹೇಬರು ಮೇಜು ಸುತ್ತಿ ಓಡಿಬಂದು ಅವನನ್ನು ತಬ್ಬಿ ಹಿಡಿದರು. ಫೋನು ಬಡಿದುಕೊಂಡಿತು, ಎತ್ತಲಾಗಲಿಲ್ಲ. ಬೆವರು ಕಣ್ಣಿಗಿಳಿಯಿತು, ಒರೆಸಲಾಗಲಿಲ್ಲ.

"ಏ ತಾಯಿ, ಬಾರಮ್ಮ! ಬಿಟ್ಟರೆ ಬೀಳ್ತಾನೆ!"

ದ್ಯಾಮವ್ವ ಬಾಗಿಲಲ್ಲೇ ನಿಂತಿದ್ದಳು. "ಆ ಮಾತನ್ನ ಬರೀರಿ ಸಾಹೇಬ್ರ," ಎಂದಳು.

"ಹೇಗೆ ಬರೀಲಿ? ಕೈಗೆ ಬಿಡುವೆಲ್ಲಿದೆ?"

"ನನ್ನ ಕೈಗೂ ಆರು ವರ್ಷದಿಂದ ಬಿಡುವಿಲ್ರಿ. ಅದನ್ನೂ ಬರೀರಿ."

ಸಾಹೇಬರು ಗುಮಾಸ್ತನನ್ನು ಕೂಗಿ, ನಿಂತಲ್ಲೇ ಭತ್ಯೆಯ ಆದೇಶ ಹೇಳಿ ಬರೆಸಿದರು. ದ್ಯಾಮವ್ವ ಬಂದು ಗಂಡನನ್ನು ಹಿಡಿದ ಮೇಲೆ ಸಹಿ ಬಿತ್ತು.

ಗುಮಾಸ್ತ ಮುಸಿಮುಸಿ ನಕ್ಕ. ಅವಳು ನಗಲಿಲ್ಲ. ಅಷ್ಟರಲ್ಲಿ ಫಕೀರಪ್ಪನ ಧೋತರ ಒದ್ದೆಯಾಗಿತ್ತು. ಯಾರಿಗೂ ಕಾಣದಂತೆ ಅದರ ಮೇಲೆ ಟವೆಲು ಹೊದಿಸಿ, ಅವನನ್ನು ಹೊತ್ತು ಹೊರಗೆ ನಡೆದಳು.