ಬೆಲ್ಲ ಬಾರದ ಡಬ್ಬಿ

"ಗುರುಗಳೇ, ಡೇಟಾಬೇಸನ್ನು ಹೊಸ ಸರ್ವರಿಗೆ ಸಾಗಿಸಿದೆ. ಸೆಟ್ಟಿಂಗ್ಸ್‌ನಲ್ಲಿ ಹೊಸ ವಿಳಾಸ ಬರೆದೆ. ಸಂಪರ್ಕ ಸಿಗುತ್ತದೆ, ತಪ್ಪೇನೂ ತೋರಿಸುವುದಿಲ್ಲ. ಆದರೂ ಉಳಿಸಿದ ಮಾಹಿತಿ ಅಲ್ಲಿಗೆ ಬಂದಿರುವುದಿಲ್ಲ. ಕೋಡ್ ತಿದ್ದಿ ತಿದ್ದಿ ಸಾಕಾಯಿತು. ಕೋಡಿಗೂ ಡೇಟಾಬೇಸಿಗೂ ನಡುವೆ ಓಡಾಡುವ ಈ ಓಆರ್‌ಎಂ ನನಗೆ ಮೋಸ ಮಾಡುತ್ತಿದೆಯೇ?" ಎಂದು ಶಿಷ್ಯೆ ಕೇಳಿದಳು. ಅವಳ ಕಣ್ಣು ಕೆಂಪಾಗಿತ್ತು.

"ಪಾಪ, ಅದನ್ನೇಕೆ ಬೈಯುತ್ತೀ? ಕೀಲಿಮಣೆ ಬಿಟ್ಟು ಸ್ವಲ್ಪ ಇತ್ತ ತಿರುಗು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ತಾಯಿಯ ಮಗಳನ್ನು ಪಕ್ಕದೂರಿಗೆ ಕೊಟ್ಟಿದ್ದರು. ಮಗಳು ಬಸುರಾದಳು. ಚೊಚ್ಚಲು ಮಗುವಾಗುವ ತನಕ ತಾಯಿ ಮಗಳ ಮನೆಯಲ್ಲಿ ನೀರೂ ಮುಟ್ಟಬಾರದೆಂಬುದು ಅವರ ಕಟ್ಟಳೆ. ಹಾಗಾಗಿ ತಾಯಿ, ಮಗಳು ಬಯಸಿದ್ದನ್ನೆಲ್ಲ ಮಾಡಿ, ಡಬ್ಬಿಗೆ ತುಂಬಿ, ಗಾಡಿಯವನ ಕೈಯಲ್ಲಿ ಕಳಿಸುತ್ತಿದ್ದಳು. ಬರಿದಾದ ಡಬ್ಬಿಯನ್ನು ಹಾಗೇ ಕಳಿಸುವಂತಿಲ್ಲ. ಮಗಳು ಅದನ್ನು ತೊಳೆದು ಬೆಲ್ಲದ ಚೂರು ಇಡುತ್ತಿದ್ದಳು.

ನಡುವೆ ಮಗಳ ಮನೆಯವರು ಅದೇ ಊರಿನ ಮೇಲಿನ ಬೀದಿಯ ಹೊಸ ಮನೆಗೆ ಹೋದರು. ತಾಯಿ ಆ ಸುದ್ದಿಯನ್ನು ಗಂಡನಿಗೆ ಹೇಳಿದಳು, ನೆರೆಯವರಿಗೆಲ್ಲ ಹೇಳಿ ಹಿಗ್ಗಿದಳು.

ಅಂದಿನಿಂದ ಡಬ್ಬಿಯಲ್ಲಿ ಬೆಲ್ಲದ ಬದಲು ಚಿಟಿಕೆ ಸಕ್ಕರೆ ಬರತೊಡಗಿತು. ಮಗಳಿಗೆ ಮುನಿಸು ಎಂದುಕೊಂಡಳು ತಾಯಿ. ಗೊಜ್ಜಿಗೆ ಹುಳಿ ಹೆಚ್ಚಿಸಿದಳು, ಖಾರ ಇಳಿಸಿದಳು, ಅಡುಗೆಯನ್ನೇ ಬದಲಾಯಿಸಿದಳು. ಸಕ್ಕರೆಯೇ ಬಂತು. ಕೊನೆಗೆ ತಡೆಯಲಾರದೆ ತಾನೂ ಗಾಡಿ ಹತ್ತಿದಳು.

ಗಾಡಿ ನಿಂತದ್ದು ಹಳೆಯ ಮನೆಯ ಮುಂದೆ. ಬಾಗಿಲು ತೆರೆದವಳು ಒಬ್ಬ ಮುದುಕಿ. "ನನಗೆ ಅಂತ ಯಾರೂ ಇಲ್ಲ ತಾಯೀ. ಯಾರೋ ಪುಣ್ಯವಂತರು ಕಳಿಸ್ತಾರೆ ಅಂತ ಉಣ್ತಿದ್ದೆ" ಎಂದಳು.

"ಮೊದ್ಲು ನೀವು ಹೇಳಿದ್ದು ಇದೇ ಮನೆ ಅಲ್ವೇನವ್ವಾ?" ಎಂದ ಗಾಡಿಯವನು.

ತಾಯಿ ಇಬ್ಬರನ್ನೂ ಬೈಯಲಿಲ್ಲ. ಡಬ್ಬಿ ಹಿಡಿದು ಮೇಲಿನ ಬೀದಿಗೆ ಹೆಚ್ಚುಕಡಿಮೆ ಓಡಿದಳು. ಮಗಳು ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. "ನನ್ನ ಮರೆತೇಬಿಟ್ಟೆ ಅಂದ್ಕೊಂಡಿದ್ದೆ ಅವ್ವಾ" ಎಂದು ಅತ್ತಳು. ಅಳುತ್ತಲೇ ಡಬ್ಬಿ ತೆರೆದು ಉಂಡಳು.

ಮರುದಿನದಿಂದ ಗಾಡಿಯವನು ಎರಡು ಡಬ್ಬಿ ಒಯ್ದ. ಒಂದರಲ್ಲಿ ಬೆಲ್ಲ ಬಂತು, ಇನ್ನೊಂದರಲ್ಲಿ ಸಕ್ಕರೆ.

ಕತೆ ಮುಗಿಯಿತು. ಶಿಷ್ಯೆ ಮತ್ತೆ ಕೋಡಿನತ್ತ ಕೈ ಚಾಚಿದಳು. ಗುರುಗಳು ಮೆಲ್ಲಗೆ ಆ ಕೈ ತಡೆದು ಹೇಳಿದರು:

"ಹೊಸ ಮನೆ ನಿನಗೆ ಗೊತ್ತು ಮಗಳೇ, ಹೋಗುವವನಿಗೆ ಗೊತ್ತೇ ಎಂದು ಒಮ್ಮೆಯಾದರೂ ಕೇಳಿದೆಯಾ?"