ದಾರಿ ಸೋಸಿದ ದಿವಾನ

ಹತ್ತಿರ ಬನ್ನಿ ಮಕ್ಕಳೇ. ಕಥೆ ಹೇಳುವುದು ನನ್ನ ಕೆಲಸ, ಹೂಂಗುಟ್ಟುವುದು ನಿಮ್ಮ ಕೆಲಸ. ಹೂಂ ನಿಂತರೆ ಕಥೆಯೂ ನಿಂತೀತು.

ಒಂದು ಗುಡ್ಡ. ಗುಡ್ಡದ ಮೇಲೆ ಒಂದು ಚಿಕ್ಕ ಆಸ್ಪತ್ರೆ. ಆಸ್ಪತ್ರೆಯಲ್ಲಿ ಒಂದು ಕಂಪ್ಯೂಟರು. ಆ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ರಾಜ್ಯವಿತ್ತು, ಆ ರಾಜ್ಯಕ್ಕೊಬ್ಬ ರಾಜನಿದ್ದ. ನಗಬೇಡಿ. ಇಷ್ಟು ಜನ ದಿನವಿಡೀ ಅದರ ಮುಖವನ್ನೇ ನೋಡುತ್ತ ಕೂತಿರುತ್ತಾರಲ್ಲ, ಒಳಗೆ ಯಾರೂ ಇಲ್ಲದಿದ್ದರೆ ಸುಮ್ಮನೆ ಕೂರುತ್ತಾರೆಯೇ? ನಮ್ಮ ಒಂದು ನಿಮಿಷ ಅಲ್ಲಿಯವರಿಗೆ ಒಂದು ದಿನ, ಅಷ್ಟೇ ವ್ಯತ್ಯಾಸ.

ರಾಜ್ಯದ ನಡುವೆ ಕೋಟೆ. ಓದಿದವರು ಅದನ್ನು ಕರ್ನಲ್ ಅನ್ನುತ್ತಾರೆ, ನಮಗೆ ಕೋಟೆ ಸಾಕು. ಕೋಟೆಯ ಸುತ್ತ ಪೇಟೆ. ಪೇಟೆಯವರು ಕೋಟೆಯೊಳಗೆ ಕಾಲಿಡುವಂತಿಲ್ಲ. ಏನೇ ಬೇಕಾದರೂ ಗೋಡೆಯ ಕಿಂಡಿಯ ಮುಂದೆ ನಿಂತು ಕೇಳಬೇಕು. ಎಲ್ಲರೂ ಕೇಳುತ್ತಿದ್ದುದು ದಾರಿ. ಏಕೆಂದರೆ ಪೇಟೆಯ ತುಂಬ ಓಲೆಕಾರರು. ಯಾವ ಊರಿಗೆ ಪೇಟೆಯ ಯಾವ ಬಾಗಿಲಿನಿಂದ ಹೊರಡಬೇಕು ಅನ್ನುವುದು ಕೋಟೆಗೆ ಮಾತ್ರ ಗೊತ್ತು. ಕಿಂಡಿಯ ಮಾತಿಲ್ಲದೆ ಬಾಗಿಲ ಕಾವಲಿನವರು ನೊಣವನ್ನೂ ಆಚೆ ಬಿಡುತ್ತಿರಲಿಲ್ಲ. ಕೋಟೆಯ ದೊಡ್ಡವರಿಗೆ ಮಾತ್ರ ಆ ಕಟ್ಟು ಇರಲಿಲ್ಲ.

ಕಿಂಡಿಯ ಒಳಗೆ ಕೂರುವವನು ಮಾರಣ್ಣ. ಇರುವ ದಾರಿಗಳೆಲ್ಲ ಅವನಿಗೆ ಬಾಯಿಪಾಠ. ಓದಿದವರ ಬಾಯಲ್ಲಿ ಅದು ರೂಟಿಂಗ್ ಟೇಬಲ್. ಆದರೆ ಒಂದು ದಾರಿ ಕೇಳಿದರೆ ಅವನು ಎಲ್ಲ ದಾರಿಗಳನ್ನೂ ಒಪ್ಪಿಸುತ್ತಿದ್ದ. ಹಿಡಿ ಅಕ್ಕಿ ಕೇಳಿದವರ ತಲೆಯ ಮೇಲೆ ಗಾಡಿ ಭತ್ತ ಸುರಿದ ಹಾಗೆ. ಆರಿಸಿಕೊಳ್ಳುವುದು ಕೇಳಿದವರ ಹಣೆಬರಹ. ನಡುವೆ ಎಲ್ಲೋ ಒಂದು ದಾರಿ ಮುಚ್ಚಿ ಇನ್ನೊಂದು ತೆರೆದರೆ ಮುಗಿಯಿತು, ಮಾರಣ್ಣ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡುತ್ತಿದ್ದ. ಯಾಕಪ್ಪ ಹೀಗೆ ಅಂದರೆ, ಮೂರೇ ಮೂರು ದಾರಿಗಳಿದ್ದ ಕಾಲದಲ್ಲಿ ಹಿಂದಿನ ರಾಜರು ಕೇಳಿದವರಿಗೆ ಏನನ್ನೂ ಮುಚ್ಚಿಡಬೇಡ ಎಂದಿದ್ದರಂತೆ. ದಾರಿಗಳು ತಲೆಗೂದಲಿನಷ್ಟಾದವು, ಅಪ್ಪಣೆ ಹಾಗೇ ಉಳಿಯಿತು. ಅಪ್ಪಣೆ ಕೊಟ್ಟವರು ಸಾಯುತ್ತಾರೆ, ಅಪ್ಪಣೆ ಸಾಯುವುದಿಲ್ಲ.

ಆ ಪೇಟೆಯಲ್ಲಿ ಸಣ್ಣತಾಯಮ್ಮ ಎಂಬ ಓಲೆಕಾರ್ತಿ ಇದ್ದಳು. ಆಸ್ಪತ್ರೆಯ ನರ್ಸಮ್ಮ ಬರೆದ ಓಲೆಗಳನ್ನು ಒಯ್ಯುವುದು ಅವಳ ಕೆಲಸ. ಕಿಂಡಿಯ ಮುಂದೆ ನಿಂತು ನಿಂತು ಅವಳ ಕಾಲು ಬಾತುಹೋಗಿತ್ತು. ರಾಜರು ಬೆಳಿಗ್ಗೆ ಅಹವಾಲು ಕೇಳಲು ಕಿಂಡಿಗೆ ಬರುವುದು ರೂಢಿ. ಒಂದು ದಿನ ಅವಳು ಕೈಮುಗಿದು ಹೇಳಿದಳು:

“ಬುದ್ಧೀ, ನಾವು ಹೊರಗೆ ನಿಂತು ಸೋಸ್ಕೊಳ್ಳೋದನ್ನ ಒಳಗೇ ಸೋಸಿ ಕೊಡಬಾರದಾ? ಯಾವ ಊರು, ಯಾವ ಬಾಗ್ಲು ಅಂತ ನಾವು ಮೊದಲೇ ಹೇಳ್ತೀವಿ. ಮಾರಣ್ಣ ಅಷ್ಟು ಮಾತ್ರ ಹೇಳ್ಲಿ.”

ರಾಜರಿಗೆ ಮಾತು ಹಿಡಿಸಿತು. ಕಿಂಡಿಯ ಒಳಗೆ ಒಂದು ಜರಡಿ ಕೂರಿಸುವ ಕೆಲಸವನ್ನು ದಿವಾನ ಪಟ್ಟಾಭಯ್ಯನಿಗೆ ಒಪ್ಪಿಸಿದರು. ದಿವಾನನಿಗೂ ಹಿಡಿಸಿತು, ಒಂದು ಕೈ ಹೆಚ್ಚಾಗಿಯೇ.

ಅವನ ಅಳಿಯ ತೆಂಕಣ ಬಾಗಿಲಿನ ಯಜಮಾನ. ಯಾವ ಬಾಗಿಲಿನಲ್ಲಿ ಹೆಚ್ಚು ಜನ ಹಾಯುತ್ತಾರೋ ಅದರ ಯಜಮಾನನಿಗೆ ದರ್ಬಾರಿನಲ್ಲಿ ಮುಂದಿನ ಸಾಲು. ಅಳಿಯ ಪಾಪ ಕಂಬದ ಹಿಂದೆ ಕೂರುತ್ತಿದ್ದ. ಮಗಳ ಗಂಡ ಕಂಬದ ಹಿಂದೆ ಕೂತರೆ ಯಾವ ಮಾವನ ಕರುಳು ಚುರ್ ಅನ್ನುವುದಿಲ್ಲ ಹೇಳಿ? ದಿವಾನ ಒಂದು ಜರಡಿ ಕೂರಿಸಿದ. ಅದರ ಕೆಳಗೆ ಯಾರಿಗೂ ಕಾಣದಂತೆ ಇನ್ನೊಂದು ಜರಡಿ ಕಟ್ಟಿದ. ಮೇಲಿನದು ಕೇಳಿದ ಊರಿನ ದಾರಿಗಳನ್ನು ಕೆಳಕ್ಕೆ ಬಿಡುತ್ತಿತ್ತು. ಕೆಳಗಿನದು ಅವುಗಳಲ್ಲಿ ತೆಂಕಣ ಬಾಗಿಲಿನದನ್ನು ಮಾತ್ರ ಬಿಡುತ್ತಿತ್ತು. ಮಾರಣ್ಣ ಮೇಲಿನಿಂದ ಸುರಿಯುವನು, ಕೊನೆಗೆ ಉದುರಿದ್ದನ್ನು ಕಿಂಡಿಯಲ್ಲಿ ಕೂಗುವನು. ಸುರಿಯುವುದು ನನ್ನದು, ಸೋಸುವುದು ದಿವಾನರದು ಎಂದುಕೊಂಡು ನೆಮ್ಮದಿಯಾಗಿದ್ದ.

ಪೇಟೆಗೆ ಹಬ್ಬವೋ ಹಬ್ಬ. ಕೇಳಿದ್ದೇ ತಡ ಉತ್ತರ. ಪಡುವಣ ಊರಿಗೆ ದಾರಿ ಕೇಳಿದರೆ ತೆಂಕಣ ಬಾಗಿಲು. ಮೂಡಣ ಊರಿಗೆ ಕೇಳಿದರೂ ತೆಂಕಣ ಬಾಗಿಲು. ಬಡಗಣ ಬಾಗಿಲಿನ ಮೂಗಿನೆದುರು ಇದ್ದ ಊರಿಗೆ ಕೇಳಿದರೂ, ಕೋಟೆ ಸುತ್ತಿಕೊಂಡು ತೆಂಕಣ ಬಾಗಿಲು. ಬೇಗ ಹೇಳಿದರಲ್ಲ ಎಂಬ ಸಂತೋಷದಲ್ಲಿ ಸರಿಯಾಗಿ ಹೇಳಿದರೇ ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ತೆಂಕಣದಿಂದ ದಾರಿಯೇ ಇಲ್ಲದ ಊರುಗಳೂ ಕೆಲವಿದ್ದವು. ಅವುಗಳನ್ನು ಕೇಳಿದರೆ ದಾರಿ ಇಲ್ಲ ಎಂಬ ಉತ್ತರ ಬರುತ್ತಿತ್ತು. ಊರೇ ಮುಳುಗಿಹೋಯಿತೇನೋ ಎಂದು ಕೆಲವರು ತಲೆಗೆ ಸ್ನಾನ ಮಾಡಿ ಬಂದರು.

ಒಬ್ಬ ಮುದುಕ ಮಾತ್ರ ಇದರಲ್ಲೇನೋ ಮೋಸವಿದೆ ಎಂದು ರಾಜರಿಗೆ ದೂರಿದ. ಹಳೇ ಕಾಲದವನು, ಹೊಸದು ಕಂಡರೆ ಆಗದು ಎಂದು ದಿವಾನ ನಕ್ಕ. ರಾಜರೂ ನಕ್ಕರು. ಅಳಿಯ ಮುಂದಿನ ಸಾಲಿಗೆ ಬಂದ. ಉಳಿದ ಬಾಗಿಲುಗಳ ಕಾವಲಿನವರು ಚೌಕಾಬಾರ ಆಡತೊಡಗಿದರು.

ಹೀಗಿರುವಾಗ ಗುಡ್ಡದ ಆಸ್ಪತ್ರೆಗೆ ಚಂಪಾ ಎಂಬ ಪುಟ್ಟ ಹುಡುಗಿಯನ್ನು ಹೊತ್ತು ತಂದರು. ಹಾವು ಕಚ್ಚಿತ್ತು. ನರ್ಸಮ್ಮ ಬೀರು ತೆರೆದರೆ ಹಾವಿನ ಔಷಧ ಮುಗಿದಿತ್ತು. ಕೂಡಲೇ ಔಷಧ ಕಳಿಸಿ, ಮಗು ಉಳಿಯಬೇಕು ಎಂದು ಪಟ್ಟಣದ ದೊಡ್ಡಾಸ್ಪತ್ರೆಗೆ ಬರೆದಳು. ಆ ಓಲೆ ಸಣ್ಣತಾಯಮ್ಮನ ಕೈಗೆ ಬಂತು.

ಅವಳು ಕಿಂಡಿಗೆ ಓಡಿದಳು. ತೆಂಕಣ ಬಾಗಿಲು ಎಂದ ಮಾರಣ್ಣ. ತೆಂಕಣ ಬಾಗಿಲಿಗೆ ಓಡಿದಳು. ಅಲ್ಲಿ ಓಲೆಕಾರರ ಸಾಲು ಪೇಟೆಯ ಈ ತುದಿಗೆ ಮುಟ್ಟಿತ್ತು. ಮದುವೆಯ ಕರೆ, ನಗೆಹನಿ, ಶುಭೋದಯದ ಹೂವು, ಎಲ್ಲವೂ ಅದೇ ಸಾಲಿನಲ್ಲಿ. ಸಾಲು ಅಲುಗಲಿಲ್ಲ.

ಆಗ ಅವಳಿಗೆ ನೆನಪಾಯಿತು. ಮಾರಣ್ಣ ಎಲ್ಲವನ್ನೂ ಒಪ್ಪಿಸುತ್ತಿದ್ದ ಕಾಲದಲ್ಲಿ, ಬೈದುಕೊಳ್ಳುತ್ತಲೇ ಕೇಳಿದ್ದ ಒಂದು ದಾರಿ. ಬಡಗಣ ಬಾಗಿಲಿನಿಂದ ದೊಡ್ಡಾಸ್ಪತ್ರೆಗೆ ನೇರ ದಾರಿ. ಮತ್ತೆ ಕಿಂಡಿಗೆ ಬಂದು ದೊಡ್ಡಾಸ್ಪತ್ರೆಗೆ ದಾರಿ ಕೇಳಿದಳು. ತೆಂಕಣ. ಹತ್ತಿರದ ದಾರಿ ಕೇಳಿದಳು. ತೆಂಕಣ. ಬಡಗಣ ಬಾಗಿಲಿನಿಂದ ಹೋಗುವ ದಾರಿ ಕೇಳಿದಳು.

“ಒಂದೂ ಇಲ್ಲ ಕಣವ್ವ” ಎಂದ ಮಾರಣ್ಣ.

ಅವಳಿಗೆ ಎಲ್ಲ ತಿಳಿಯಿತು. ಜರಡಿ ಬೇಕೆಂದು ಕೇಳಿದವಳು ತಾನೇ. ಮಗುವೇನಾದರೂ ಹೋದರೆ ತನ್ನ ಕೈಯಾರೆ ಹೋದಂತೆ. ಆದರೆ ದೂರು ಹೇಳಿದರೆ ಮುದುಕನಿಗಾದ ಗತಿಯೇ ತನಗೂ. ಅವಳು ಯೋಚಿಸಿದಳು. ದೂರಿಗೆ ಕಿವುಡಾದ ಕಿವಿ ಹೊಗಳಿಕೆಗೆ ಚುರುಕು.

ಬೆಳಗಾಯಿತು. ರಾಜರು ಕಿಂಡಿಗೆ ಬಂದರು, ಪಕ್ಕದಲ್ಲಿ ದಿವಾನ. ಸಣ್ಣತಾಯಮ್ಮ ಜರಡಿಯನ್ನು ಬಾಯ್ತುಂಬ ಹೊಗಳಿದಳು. ಇಂಥ ಜರಡಿ ಮಾಡಿದ ದಿವಾನರಿಗೆ ಒಂದು ಶಾಲು, ಒಂದು ಬಿರುದು ಬೇಡವೇ ಎಂದಳು. ಅವರ ಹುಟ್ಟೂರು ಬೆಳ್ಳಿಕೆರೆಯಲ್ಲಿ ಹೆತ್ತ ತಾಯಿ ಇದ್ದಾರಂತೆ, ಶಾಲೂ ಬಿರುದಿನ ಓಲೆಯೂ ಆ ತಾಯಿಯ ಕೈ ಸೇರಲಿ, ತಾನೇ ಒಯ್ಯುತ್ತೇನೆ ಎಂದಳು. ದಿವಾನ ನಾಚಿಕೊಂಡಂತೆ ನೆಲ ನೋಡಿದ. ರಾಜರು ಹಿಗ್ಗಿ ಅಲ್ಲೇ ಓಲೆ ಬರೆಸಿದರು. ಬೆಳ್ಳಿಕೆರೆ ಇರುವುದು ಬಡಗಣ ಬಾಗಿಲಿನಾಚೆ, ಅದಕ್ಕೆ ಬೇರೆ ದಾರಿಯೇ ಇಲ್ಲ ಎನ್ನುವುದು ಸಂತೋಷದಲ್ಲಿ ದಿವಾನನಿಗೆ ಮರೆತೇ ಹೋಗಿತ್ತು.

“ಮಾರಣ್ಣ, ಬೆಳ್ಳಿಕೆರೆಗೆ ದಾರಿ ಹೇಳಪ್ಪ” ಎಂದಳು.

ಮಾರಣ್ಣ ಸುರಿದ. ಏನೂ ಉದುರಲಿಲ್ಲ. ದಾರಿ ಇಲ್ಲ ಎಂದ. ರಾಜರು ಇನ್ನೊಮ್ಮೆ ಕೇಳಿಸಿದರು. ದಾರಿ ಇಲ್ಲ. ಮೂರನೆಯ ಸಲವೂ ದಾರಿ ಇಲ್ಲ.

ಸಣ್ಣತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬುದ್ಧೀ, ದಿವಾನರ ಊರು ಮುಳುಗೋಗಿರಬೇಕು. ಜರಡಿ ಸುಳ್ಳು ಹೇಳಲ್ಲವಲ್ಲ. ಶಾಲು ಭಂಡಾರಕ್ಕೇ ಹೋಗ್ಲಿ. ದಿವಾನರು ಸ್ನಾನ ಮಾಡಿ ಬರ್ಲಿ.”

ಶಾಲು ಕೈತಪ್ಪುವುದನ್ನು ದಿವಾನನಿಗೆ ನೋಡಲಾಗಲಿಲ್ಲ. “ಯಾವ ಮೂರ್ಖ ಹೇಳಿದ್ದು ಮುಳುಗಿತು ಅಂತ? ಬಡಗಣ ಬಾಗಿಲಿಂದ ದಾರಿ ಇದೆ ಮಹಾಸ್ವಾಮಿ. ನಿನ್ನೆ ನಾನೇ ಅದರಲ್ಲಿ ಬಂದೆ.”

ರಾಜರು ದಿವಾನನ ಮುಖ ನೋಡಿದರು, ಜರಡಿಯ ಮುಖ ನೋಡಿದರು. ಆಮೇಲೆ ತಾವೇ ಬಗ್ಗಿ ಜರಡಿಯ ಕೆಳಗೆ ಕೈ ಹಾಕಿದರು. ಕೈಗೆ ಎರಡನೆಯದು ಸಿಕ್ಕಿತು.

ಅದನ್ನು ಕಿತ್ತದ್ದೇ ಸಣ್ಣತಾಯಮ್ಮ ಮತ್ತೆ ದೊಡ್ಡಾಸ್ಪತ್ರೆಗೆ ದಾರಿ ಕೇಳಿದಳು. ಬಡಗಣ ಬಾಗಿಲು, ನೇರ ದಾರಿ ಎಂದ ಮಾರಣ್ಣ. ಬಿರುದಿನ ಓಲೆಯನ್ನು ಅಲ್ಲೇ ಬಿಟ್ಟು ಅವಳು ಓಡಿದಳು.

ದಿವಾನನಿಗೆ ರಾಜರು ಸೆರೆಮನೆ ಕೊಡಲಿಲ್ಲ. ನಿನ್ನ ಜರಡಿ ಬಿಟ್ಟ ದಾರಿಗಳಲ್ಲಿ ಮಾತ್ರ ನೀನು ಇನ್ನು ನಡೆಯತಕ್ಕದ್ದು ಎಂದರು. ಆ ದಾರಿಗಳಲ್ಲಿ ಒಂದೂ ಅವನ ಊರಿಗೆ ಹೋಗುತ್ತಿರಲಿಲ್ಲ. ತಾಯಿಯ ಮನೆಯ ಹೊಗೆ ಬಡಗಣ ಗೋಡೆಯ ಮೇಲಿಂದ ಕಾಣುತ್ತಿತ್ತಂತೆ, ನೋಡಿಕೊಂಡಿದ್ದ. ಸುರಿಯುವವನಿಗೂ ಕಣ್ಣಿರಬೇಕು ಎಂದು ಮಾರಣ್ಣನಿಗೂ ಬೈಗುಳ ಬಿತ್ತು. ಮೇಲಿನ ಜರಡಿಯನ್ನು ಮಾತ್ರ ರಾಜರು ಉಳಿಸಿದರು. ಉತ್ತರ ಕೊಡುವ ಮುನ್ನ, ಇದು ಸೋಸಿದ ಮಾತು, ಇಂಥದ್ದನ್ನು ಇಟ್ಟುಕೊಂಡು ಇಂಥದ್ದನ್ನು ಬಿಟ್ಟಿದ್ದೇನೆ ಎಂದು ಕಿಂಡಿಯಲ್ಲಿ ಹೇಳಲೇಬೇಕು ಎಂದು ಕಟ್ಟು ಮಾಡಿದರು.

ಚಂಪಾ ಬದುಕಿದಳು. ಔಷಧದ ಗಾಡಿ ಹೊತ್ತಿಗೆ ಬಂತು. ಇಷ್ಟೆಲ್ಲ ಆದದ್ದು ನರ್ಸಮ್ಮನಿಗೆ ಗೊತ್ತೇ? ಇವತ್ತು ನೆಟ್ ಸ್ವಲ್ಪ ನಿಧಾನ ಎಂದು ಗೊಣಗಿ, ಹುಡುಗಿಯ ಹಣೆ ಮುಟ್ಟಿ ನೋಡಿದಳಂತೆ.

ನೀತಿ ಕೇಳಿ ಏಳಿ ಮಕ್ಕಳೇ. ಸೋಸುವುದು ತಪ್ಪಲ್ಲ, ಅದು ಉಪಕಾರ. ಸೋಸಿದ್ದನ್ನು ಹೇಳದಿದ್ದರೆ ಅದು ಸುಳ್ಳು, ಆಡಿದ ಮಾತು ಒಂದೊಂದೂ ನಿಜವಾಗಿದ್ದರೂ ಸುಳ್ಳೇ. ನಾಳೆ ಯಾರಾದರೂ ನಿಮಗೆ ಇರುವುದು ಇದೊಂದೇ ದಾರಿ ಎಂದರೆ ನಡೆಯುವ ಮೊದಲು ಒಂದು ಮಾತು ಕೇಳಿ: ಜರಡಿ ಯಾರದು?